ಐದು ಜನರ ಬುಗುರಿ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ಚೂಟಿಯ ನಮಸ್ಕಾರಗಳು.

ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ ‘ಹೂಂ’, ‘ಉಹೂಂ’ ದಾಟಿ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಈ ಕಾಗದ. ಅಂಚೆಯನ್ನು ನಂಬಿ ಕೂತರೆ ಕೆಲಸ ಕೆಡುತ್ತದೆ ಎಂದು ನಿಮ್ಮೂರಿನ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ. ಡಿಪೋದಲ್ಲಿ ಅವನ ಡ್ಯೂಟಿ, ರಜೆ ಎಲ್ಲ ಬರೆಯುವವಳು ನಾನು. ತಲುಪಿಸದೆ ಎಲ್ಲಿಗೆ ಹೋಗುತ್ತಾನೆ? ಉತ್ತರವನ್ನೂ ಅವನಿಗೇ ಕೊಡು.

ಬ್ಯಾಂಡ್ ಹಾಲಿನ ಛಾವಣಿ ರಿಪೇರಿ ಅಂತೂ ಮುಗಿಯಿತು. ಮುಂದಿನ ತಿಂಗಳ ಮೊದಲ ಶನಿವಾರ ಸಂಜೆ ಮತ್ತೆ ಬಾಗಿಲು ತೆಗೆಯುತ್ತಾರೆ. ಅವತ್ತು ನಾವು ನುಡಿಸಬೇಕು. ನಾವು ಅಂದರೆ ಯಾರು ಎಂದು ನೀನು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಕುರ್ಚಿ ಸಾಲದೆ ಬೆಂಚು ತರಿಸುತ್ತಿದ್ದ ಬ್ಯಾಂಡಿನಲ್ಲಿ ಈಗ ಉಳಿದಿರುವವರು ನಾಲ್ಕೇ ಜನ. ಟ್ರಾಂಬೋನಿಗೆ ಹಲ್ಲು ಡಾಕ್ಟರು, ಟ್ಯೂಬಾಕ್ಕೆ ಗೋದಾಮು ಮಾವ, ಟ್ರಂಪೆಟ್ಟಿಗೆ ನಿನ್ನ ಶಿಷ್ಯೆ ಔಷಧಿ ಅಂಗಡಿಯವಳು, ಹಾರ್ನಿಗೆ ನಾನು. ಐದನೆಯ ಕುರ್ಚಿ ನಿನ್ನದು, ನಿನ್ನ ಗಿಡ್ಡ ತುತ್ತೂರಿ ಕಾರ್ನೆಟ್ಟಿನದು.

ನುಡಿಸುವುದು ನಮ್ಮ ‘ಬುಗುರಿ’ಯನ್ನು. ಹೌದು, ಅದೇ. ಕಾರ್ನೆಟ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ತಲೆ ಚಚ್ಚಿಕೊಂಡು ಕಲಿಯುವ ಆ ಹಳೆಯ ಸೋಲೊಗೆ ಬೇರೆ ಹೆಸರಿದೆ ಎಂಬುದೇ ನಮ್ಮ ಮನೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಮೊದಲು ಮೆಲ್ಲಗೆ ಒಂದು ಸರಳವಾದ ಹಾಡು. ಆಮೇಲೆ ಅದೇ ಹಾಡು ಮೂರು ಸುತ್ತು, ಸುತ್ತಿನಿಂದ ಸುತ್ತಿಗೆ ವೇಗ. ಕಡೇ ಸುತ್ತಿನಲ್ಲಿ ನಾಲಿಗೆ ‘ತುತುಕು ತುತುಕು’ ಎಂದು ಹುಚ್ಚು ಹಿಡಿದಂತೆ ತಿರುಗಬೇಕು. ಒಂದು ಕಾರ್ನೆಟ್ಟು, ಅದರ ಬೆನ್ನಿಗೆ ಇಡೀ ಬ್ಯಾಂಡು ಎಂದು ಬರೆದಿಟ್ಟ ಸಂಗೀತ ಅದು. ಆ ಇಡೀ ಬ್ಯಾಂಡನ್ನು ಮಡಚಿ ನಾಲ್ಕು ಜನರ ಕೈಗೆ ಕೊಡುವ ಕೆಲಸ ಈಗ ನನ್ನದು. ಊಟದ ಬಿಡುವಿನಲ್ಲಿ ಬಸ್ಸಿನ ವೇಳಾಪಟ್ಟಿಗಳ ಬೆನ್ನಿನ ಮೇಲೆ ಗೀಚುತ್ತಿದ್ದೇನೆ. ನಮ್ಮ ಡ್ರೈವರುಗಳಿಗೆ ನಾನು ಕೊಡುವಷ್ಟು ಬಿಡುವನ್ನೂ ಇದನ್ನು ಬರೆದ ಪುಣ್ಯಾತ್ಮ ಕಾರ್ನೆಟ್ಟಿನವರಿಗೆ ಕೊಟ್ಟಿಲ್ಲ, ಮಾರಾಯ್ತಿ.

ಬಾಯಿ ಈಗ ಹೇಗಿದೆ? ಮುಖದ ನರ ಕೈಕೊಟ್ಟು ಒಂದೂವರೆ ವರ್ಷವಾಯಿತು. ಕಣ್ಣು ಸರಿಯಾಗಿ ಮುಚ್ಚುತ್ತದೆ ಎಂದು ಹಿಂದಿನ ಸಲ ಹೇಳಿದ್ದೆ. ತುಟಿಯ ಮಾತನ್ನು ನೀನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಎಲ್ಲಿ ಕಷ್ಟವಾಗುತ್ತದೆ ಎಂದು ಹೇಳು, ಅದಕ್ಕೆ ತಕ್ಕ ಹಾಗೆ ಬರೆಯುತ್ತೇನೆ.

ಇಂತಿ ನಿನ್ನ,
ಚೂಟಿ

ತಾ.ಕ.: ನಿನ್ನನ್ನು ಬಿಟ್ಟು ಬೇರೆ ಯಾರ ಹೆಸರೂ ನಮ್ಮ ಬಾಯಲ್ಲಿ ಬಂದಿಲ್ಲ.


ಬುಧವಾರ

ಚೂಟಿಗೆ,

ಸುಳ್ಳು ಹೇಳುವಾಗ ನೀನು ತಾ.ಕ. ಹಾಕುತ್ತೀಯ, ಚಿಕ್ಕಂದಿನಿಂದ ನೋಡಿದ್ದೇನೆ. ಸೋಲೊ ಔಷಧಿ ಅಂಗಡಿಯವಳಿಗೇ ಕೊಡೋಣ ಎಂದು ಬ್ಯಾಂಡ್ ಹಾಲಿನ ಕಾರ್ಯದರ್ಶಿ ಹೇಳಿರಬೇಕು. ಅವನ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವಳು ಚೆನ್ನಾಗಿ ನುಡಿಸುತ್ತಾಳೆ, ಕಲಿಸಿದವಳು ನಾನು.

ಬಾಯಿಯ ಸುದ್ದಿ ಕೇಳಿದ್ದೀಯ. ಕನ್ನಡಕದ ಅಂಗಡಿಯಲ್ಲಿ ನನ್ನನ್ನು ಮುಂದಿನ ಕೌಂಟರಿನಿಂದ ಹಿಂದಿನ ಕೋಣೆಗೆ ಹಾಕಿದ್ದಾರೆ. ಗಾಜು ಉಜ್ಜುತ್ತೇನೆ. ಗಾಜಿಗೆ ನಾನು ‘ಪ’ ಎಂದೆನೋ ‘ಫ’ ಎಂದೆನೋ ಬೇಕಾಗಿಲ್ಲ. ನೀರು ಕುಡಿಯುವಾಗ ಎಡ ಮೂಲೆಯಲ್ಲಿ ಈಗ ಸುರಿಯುವುದಿಲ್ಲ, ಜಿನುಗುತ್ತದೆ. ಬೆಳಿಗ್ಗೆ ಪಕ್ಕದ ಮನೆಯವರು ಕೆಲಸಕ್ಕೆ ಹೋದ ಮೇಲೆ ಕಿಟಕಿ ಮುಚ್ಚಿ ಕಾರ್ನೆಟ್ ಹಿಡಿಯುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಬುಗುರಿಯಲ್ಲಿ ಕಷ್ಟ ಇರುವುದು ಎಲ್ಲರಿಗೂ ಇರುವ ಕಡೆಯೇ. ಕಡೇ ಸುತ್ತು. ಅದರ ಎರಡನೆಯ ಅರ್ಧದಲ್ಲಿ ಎಡ ಮೂಲೆ ಸೋಲುತ್ತದೆ. ಮಿಕ್ಕದ್ದೆಲ್ಲ ಸರಿ.

ಬರುತ್ತೇನೆ. ಆದರೆ ನನ್ನ ಮಾತು ಕೇಳಿಸಿಕೊ. ಶ್ರುತಿ ಇಳಿಸಬೇಡ. ಸುತ್ತುಗಳನ್ನು ಮೊಟಕು ಮಾಡಬೇಡ. ನನ್ನ ಸಾಲುಗಳನ್ನು ನಾಲ್ಕು ಜನಕ್ಕೆ ಹಂಚಿ, ‘ನೋಡಿ ಎಷ್ಟು ಚೆಂದ ಜೋಡಿಸಿದ್ದೇನೆ’ ಎಂದು ಮೆರೆಯಬೇಡ. ಪಾಪ ಎಂದು ಒಂದು ಸ್ವರವನ್ನೂ ಬರೆಯಬೇಡ. ಆ ಹಾಲಿನಲ್ಲಿ ಜನರೆದುರು ನಿಂತು ಸೋತರೆ ಕಾರ್ನೆಟ್ ಅನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತೇನೆ, ಮತ್ತೆ ತೆಗೆಯುವುದಿಲ್ಲ. ಇದು ಬೆದರಿಕೆಯಲ್ಲ. ನನಗೆ ಇನ್ನೊಂದು ಸಲ ಸೋಲುವ ಶಕ್ತಿ ಇಲ್ಲ, ಅಷ್ಟೆ.

ಅಕ್ಕ


ಸೋಮವಾರ, ಊಟದ ಬಿಡುವು

ನನ್ನ ಮುದ್ದಿನ ಸಿಡುಕಿ ಅಕ್ಕನಿಗೆ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೂರು ಸಲ ಬೈಗುಳ ಕಾಣಿಸಿತು, ನಾಲ್ಕನೆಯ ಸಲ ‘ಬರುತ್ತೇನೆ’ ಕಾಣಿಸಿತು. ಅಷ್ಟು ಸಾಕು ನನಗೆ. ಕಾರ್ಯದರ್ಶಿಯ ವಿಷಯ ನೀನು ಹೇಳಿದ್ದು ನಿಜ. ಅವನಿಗೆ ಕಡ್ಡಿ ಮುರಿದಂತೆ ಹೇಳಿದ್ದೇನೆ, ಸೋಲೊ ಅಕ್ಕನದು, ಇಲ್ಲದಿದ್ದರೆ ನಾವೂ ಇಲ್ಲ ಎಂದು.

ಪಾರ್ಟುಗಳು ಮುಗಿದವು, ನಿನ್ನದನ್ನು ಇದರ ಜೊತೆ ಇಟ್ಟಿದ್ದೇನೆ. ಒಂದು ಸ್ವರ ಕಡಿಮೆ ಮಾಡಿಲ್ಲ, ಎಣಿಸಿ ನೋಡಿಕೋ. ಸುತ್ತು ಸುತ್ತಿನ ನಡುವೆ ಬ್ಯಾಂಡು ಗದ್ದಲ ಮಾಡುವ ಜಾಗಗಳಿವೆಯಲ್ಲ, ಸೋಲೊದವರು ಉಸಿರು ಸುಧಾರಿಸಿಕೊಳ್ಳುವುದು ಅಲ್ಲೇ ತಾನೆ? ಅಲ್ಲಿ ನಾಲ್ಕೇ ಜನ ಇಡೀ ಬ್ಯಾಂಡಿನ ಸದ್ದು ತೆಗೆಯಬೇಕು. ಡಾಕ್ಟರಿಗೆ ಕ್ಲಾರಿನೆಟ್ಟುಗಳ ಓಟವನ್ನೆಲ್ಲ ಬರೆದೆ. ನೋಡಿದವರೇ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೆರಳಿನಲ್ಲಿ ಓಡುವುದನ್ನು ಕೊಳವೆ ಎಳೆಯುವ ಟ್ರಾಂಬೋನಿನಲ್ಲಿ ಓಡಿಸಬೇಕೆಂದರೆ ತೋಳು ಕೀಲಿನಿಂದ ಕಳಚುತ್ತದಮ್ಮ ಎಂದರು. ರೋಗಿಗಳಿಗೆ ನೀವು ಹೇಳುವ ಹಾಗೆ ಸ್ವಲ್ಪ ಸಹಿಸಿಕೊಳ್ಳಿ ಎಂದೆ. ಗೋದಾಮು ಮಾವ ಮಾತ್ರ ತನ್ನ ಪಾರ್ಟನ್ನು ಸರಕಿನ ಚೀಟಿಯ ಹಾಗೆ ಮೇಲಿಂದ ಕೆಳಗೆ ನೋಡಿ ಜೇಬಿಗಿಟ್ಟುಕೊಂಡರು. ನಾನು ಎಂದಿನಂತೆ ತಾಳದ ಸಂದಿಗೆ ಟಕ್ ಟಕ್ ಟಕ್. ಹಾರ್ನಿನವರ ಹಣೆಯಲ್ಲಿ ಬರೆದದ್ದೇ ಅಷ್ಟು.

ಕಡೇ ಸುತ್ತಿನಲ್ಲಿ ನಿನ್ನ ಶಿಷ್ಯೆಗೆ ಪೂರ್ತಿ ವಿರಾಮ. ನಿನ್ನ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ. ಅವಳೂ ಊದಿದರೆ ನಿನ್ನ ಸದ್ದು ಮುಚ್ಚಿಹೋಗುತ್ತದೆ ಎಂದು ಹಾಗೆ ಮಾಡಿದೆ.

ಭಾನುವಾರ ರಿಹರ್ಸಲ್. ಬೆಳಗಿನ ಬಸ್ಸಿಗೇ ಬಾ, ಕಿಟಕಿ ಪಕ್ಕದ ಸೀಟು ಹಿಡಿದಿಡಲು ಹೇಳಿದ್ದೇನೆ.

ನಿನ್ನ,
ಚೂಟಿ


ಮಂಗಳವಾರ

ಚೂಟಿಗೆ,

ಮೊನ್ನೆ ಊಟಕ್ಕೂ ನಿಲ್ಲದೆ ಬಂದೆ ಎಂದು ನಿನಗೆ ಬೇಸರವಾಗಿರಬಹುದು. ನಿಂತಿದ್ದರೆ ಎಲ್ಲರೆದುರಿಗೆ ನಿನಗೆ ಏನಾದರೂ ಅಂದುಬಿಡುತ್ತಿದ್ದೆ.

ಎಂದಿನಂತೆ ಕಡೆಯಿಂದ ಶುರು ಮಾಡಿದೆವು. ಕಡೇ ಸುತ್ತಿನ ಎರಡನೆಯ ಅರ್ಧ ಬಂತು. ನಾನು ಉಸಿರೆಳೆದೆ. ನನ್ನ ಪಕ್ಕದಲ್ಲೂ ಯಾರೋ ಉಸಿರೆಳೆದರು, ಅದೇ ಹೊತ್ತಿಗೆ, ಅದೇ ಅಳತೆಗೆ. ಮುಂದಿನ ಉಸಿರಿಗೂ ಹಾಗೇ ಆಯಿತು. ವಿರಾಮದಲ್ಲಿ ಕೂತವರು ಹಾಗೆ ಉಸಿರು ಎಳೆಯುವುದಿಲ್ಲ ಚೂಟಿ. ಸುಮ್ಮನೆ ಕೂತವರ ಉಸಿರು ಸಣ್ಣದು, ಅದಕ್ಕೆ ತಾಳವಿಲ್ಲ. ಅವಳು ಊದಲು ತಯಾರಾಗಿದ್ದಳು. ಪ್ರತಿ ಸಾಲಿಗೂ ಎದೆ ತುಂಬಿಕೊಂಡು, ನಾನು ಬಿದ್ದೆನಾ ಎಂದು ನೋಡಿ, ಬೀಳಲಿಲ್ಲ ಎಂದು ಹೊರಗೆ ಬಿಡುತ್ತಿದ್ದಳು. ನರ ಸೋತಿರುವುದು ಮುಖದ್ದು, ಕಿವಿಯದ್ದಲ್ಲ.

ನೀನು ಟ್ಯೂಬಾದವರ ಹತ್ತಿರ ಏನೋ ತಿದ್ದಿಸುತ್ತಿದ್ದಾಗ ಅವಳ ಹಾಳೆ ಕೇಳಿದೆ. ಕೊಡಲಿಲ್ಲ. ಸ್ಟ್ಯಾಂಡ್ ನನ್ನ ಕಡೆ ತಿರುಗಿಸಿ ತಲೆ ತಗ್ಗಿಸಿದಳು. ವಿರಾಮದ ಗುರುತಿನ ಮೇಲೆ ನನ್ನ ಇಡೀ ಸಾಲು ಸಣ್ಣ ಅಕ್ಷರದ ಸ್ವರಗಳಲ್ಲಿ, ನಿನ್ನ ಕೈಬರಹದಲ್ಲಿ.

“ಟೀಚರ್, ನಿಮ್ ತಂಗಿನೇ ನಿಮ್ ಜೊತೆ ಉಸ್ರು ಎಳ್ಕೊಂಡು ರೆಡಿಯಾಗಿರು ಅಂದ್ರು. ನಂಗೂ ಸರಿ ಅನ್ನಿಸ್ಲಿಲ್ಲ,” ಎಂದಳು.

ಯಾರಾದರೂ ಬರದೇ ಹೋದರೆ ಇನ್ನೊಬ್ಬರು ನೋಡಿ ತುಂಬಲಿ ಎಂದು ಇಂಥ ಸಣ್ಣ ಸ್ವರ ಬರೆಯುವುದು ರೂಢಿ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾನು ಬಂದಿದ್ದೆನಲ್ಲ? ಅವಳ ಪಕ್ಕದಲ್ಲೇ ಕೂತಿದ್ದೆನಲ್ಲ? ಇರುವವಳನ್ನು ಇಲ್ಲ ಎಂದು ಲೆಕ್ಕ ಹಾಕಿ ಬರೆದಿದ್ದೀಯ. ಒಂದೇ ಒಂದು ಮಾತು ಕೇಳಿಕೊಂಡಿದ್ದೆ ನಿನ್ನ ಹತ್ತಿರ.

ಸೋಲೊ ಅವಳೇ ನುಡಿಸಲಿ. ಸಾಲೆಲ್ಲ ಅವಳ ಹಾಳೆಯಲ್ಲಿ ಇದ್ದೇ ಇದೆ, ಸ್ವಲ್ಪ ದೊಡ್ಡದಾಗಿ ಬರೆದುಕೊಟ್ಟರೆ ಆಯಿತು.

ಅಕ್ಕ


ಬುಧವಾರ, ಬೆಳಿಗ್ಗೆ

ಅಕ್ಕನಿಗೆ,

ನಮಸ್ಕಾರ ಗಿಮಸ್ಕಾರ ಏನೂ ಇಲ್ಲ ಈ ಸಲ. ನನಗೂ ಸಿಟ್ಟು ಬಂದಿದೆ.

ಹೌದು, ಬರೆದೆ. ನಿನಗೆ ಹೇಳದೆ ಬರೆದೆ. ಅವಳಿಗೆ ವಿರಾಮ ಎಂದು ನಿನಗೆ ಸುಳ್ಳು ಹೇಳಿದೆ. ಕೇಳಿದ್ದರೆ ನೀನು ಒಪ್ಪುತ್ತಿದ್ದೆಯಾ? ಕಡೇ ಸುತ್ತಿನಲ್ಲಿ ಸೋಲುತ್ತದೆ ಎಂದು ಬರೆದವಳು ನೀನು. ಸೋತರೆ ಕಾರ್ನೆಟ್ ಮುಚ್ಚಿಡುತ್ತೇನೆ ಎಂದವಳೂ ನೀನು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟು, ಈಗ ನಿಶ್ಚಿಂತೆಯಾಗಿ ಸ್ವರ ಜೋಡಿಸು ಎಂದರೆ ನಾನೇನು ಕಲ್ಲೇ? ಬ್ರೇಕ್ ಸರಿಯಿಲ್ಲ ಎಂದು ಡ್ರೈವರ್ ಬರೆದುಕೊಟ್ಟ ಬಸ್ಸನ್ನು ನಾನು ರಸ್ತೆಗೆ ಬಿಡುವುದಿಲ್ಲ. ಬಿಟ್ಟರೆ ಹಿಂದೆ ಇನ್ನೊಂದು ಬಸ್ಸು ಕಳಿಸುತ್ತೇನೆ. ನನಗೆ ಬರುವುದು ಅಷ್ಟೇ.

ಇನ್ನೂ ಒಂದು ಇದೆ. ಹೇಳಿಬಿಡುತ್ತೇನೆ. ಭಯ ನಿನಗೋಸ್ಕರ ಅಲ್ಲ, ನನಗೋಸ್ಕರ. ಆ ಹಾಲಿನಲ್ಲಿ ನೀನು ನಡುವೆ ನಿಂತುಹೋದರೆ ಆಮೇಲೆ ಬರುವ ಮೌನವನ್ನು ತೊಡೆಯ ಮೇಲೆ ಹಾರ್ನ್ ಇಟ್ಟುಕೊಂಡು ಕೂತು ಕೇಳಲು ನನ್ನಿಂದ ಆಗುವುದಿಲ್ಲ. ಆಸ್ಪತ್ರೆಯಲ್ಲಿ ನೀನು ನನ್ನ ಹೆಸರು ಕರೆಯಲು ಹೋಗಿ ಅರ್ಧಕ್ಕೆ ನಿಲ್ಲಿಸಿ ಗೋಡೆ ಕಡೆ ತಿರುಗಿದೆಯಲ್ಲ, ಆ ಮೌನವೇ ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ.

ಅವಳ ಹಾಳೆಯಿಂದ ಸಣ್ಣ ಸ್ವರಗಳನ್ನೆಲ್ಲ ಅಳಿಸಿದ್ದೇನೆ. ರಬ್ಬರ್ ಉಜ್ಜಿ ಉಜ್ಜಿ ಕಾಗದ ತೂತಾಗಿದೆ, ಬೇಕಾದರೆ ಬಂದು ನೋಡು. ಇನ್ನು ಹೆಸರಿನ ವಿಷಯ. ನಾಳೆ ಸಂಜೆ ಕಾರ್ಯದರ್ಶಿ ಹಾಲಿನ ಬಾಗಿಲಿಗೆ ಕಾರ್ಯಕ್ರಮದ ಹಾಳೆ ಅಂಟಿಸುತ್ತಾನೆ. ಸೋಲೊದ ಎದುರಿಗೆ ಯಾರ ಹೆಸರು ಎಂದು ನಾಳೆ ಬಸ್ಸಿನಲ್ಲಿ ಹೇಳಿ ಕಳಿಸು. ಅವಳ ಹೆಸರು ಎಂದು ನೀನು ಬರೆದರೆ ಹಾಗೇ ಆಗಲಿ. ಆದರೆ ಅವಳು ಒಪ್ಪುವುದಿಲ್ಲ, ಟೀಚರ್ ಇರುವಾಗ ನಾನು ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಅಂಗಡಿಯಲ್ಲಿ ಗಿರಾಕಿಗಳ ಮುಂದೆಯೇ ಅತ್ತಳು.

ಚೂಟಿ


ಗುರುವಾರ

ಚೂಟಿ,

ನೀನು ಸಣ್ಣ ಸ್ವರ ಬರೆದ ಜಾಗ ತಪ್ಪು.

ತಪ್ಪು ನಿನ್ನದಲ್ಲ, ನಾನು ಹೇಳಿದ ಜಾಗಕ್ಕೇ ಬರೆದಿದ್ದೀಯ. ನಾನು ಹೇಳಿದ್ದು ಸುಳ್ಳು. ಕಡೇ ಸುತ್ತು ನನಗೆ ಬರುತ್ತದೆ. ರಿಹರ್ಸಲ್ಲಿನಲ್ಲಿ ಬಂತಲ್ಲ, ನೀನು ಗಮನಿಸಲಿಲ್ಲವೇ? ನಾಲಿಗೆಗೆ ಏನೂ ಆಗಿಲ್ಲ, ಬೆರಳಿಗೂ ಆಗಿಲ್ಲ. ಮೌತ್‌ಪೀಸನ್ನು ತುಟಿಗೆ ಒತ್ತಿ ಜೋರಾಗಿ ಊದಿದರೆ ವೇಗವೇ ನನ್ನನ್ನು ಎತ್ತಿಕೊಂಡು ಹೋಗುತ್ತದೆ, ತುಟಿ ತಾನಾಗಿ ಏನನ್ನೂ ಹಿಡಿದುಕೊಳ್ಳಬೇಕಾಗಿಲ್ಲ.

ನನ್ನಿಂದ ಆಗದಿರುವುದು ಮೊದಲನೆಯ ಪುಟ. ಮೂಲ ಹಾಡು. ಮೆಲ್ಲಗೆ, ನಿಧಾನವಾಗಿ, ಉದ್ದುದ್ದ ಸ್ವರ. ಅಲ್ಲಿ ಒತ್ತುವ ಹಾಗಿಲ್ಲ, ತುಟಿ ತನ್ನಷ್ಟಕ್ಕೆ ನಿಲ್ಲಬೇಕು. ಎಡ ಮೂಲೆ ನಿಲ್ಲುವುದಿಲ್ಲ. ಮೊದಲ ಸ್ವರವೇ ಬರೀ ಗಾಳಿಯಾಗಿ ಶುರುವಾಗುತ್ತದೆ, ಬಂದರೆ ನಡುವೆ ಆರುತ್ತದೆ. ಮಕ್ಕಳಿಗೆ ಮೊದಲ ವರ್ಷ ಹೇಳಿಕೊಡುವ ಸಾಲುಗಳು ಅವು. ಔಷಧಿ ಅಂಗಡಿಯವಳಿಗೆ ಎರಡು ಜಡೆ ಹಾಕುತ್ತಿದ್ದ ಕಾಲದಲ್ಲಿ ನಾನೇ ಕೂರಿಸಿ ಹೇಳಿಕೊಟ್ಟದ್ದು. ಕಡೇ ಸುತ್ತು ಬರುವುದಿಲ್ಲ ಎಂದರೆ ಮರ್ಯಾದೆಯಿದೆ, ಯಾರಿಗೂ ಸುಲಭವಲ್ಲ. ಹಾಡೇ ಬರುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ರಿಹರ್ಸಲ್ಲಿನಲ್ಲಿ ‘ಮೊದಲ ಪುಟ ಎಲ್ಲರಿಗೂ ಬರುತ್ತೆ, ಕಡೆಯಿಂದ ಹಿಡಿಯೋಣ’ ಎಂದದ್ದು ನಾನೇ. ಯಾವ ರಿಹರ್ಸಲ್ಲಿನಲ್ಲೂ ಹಾಗೇ ಮಾಡುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಶನಿವಾರ ಸಂಜೆಯ ಹೊತ್ತಿಗೆ ಹೇಗೋ ಸರಿಹೋಗುತ್ತದೆ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆಯೂ ಹೋಗಲಿಲ್ಲ.

ಆ ಹಾಡನ್ನು ಬೇರೆಯವರಿಗೆ ಕೊಡಬೇಡ. ಹಾಡನ್ನು ಇನ್ನೊಬ್ಬರು ಹೇಳಿ ಮುಗಿಸಿ, ನಾನು ಎದ್ದು ನಿಂತು ಅದರ ಸುತ್ತ ಕಸರತ್ತು ಮಾಡುವುದಾದರೆ ಅದಕ್ಕಿಂತ ಗಾಜು ಉಜ್ಜುವುದೇ ಮೇಲು. ನನ್ನ ಹೆಸರು ಬರೆಸಬೇಡ.

ಅಕ್ಕ


ಶುಕ್ರವಾರ, ಬೆಳಿಗ್ಗೆ

ಅಕ್ಕಾ,

ಹೆಸರು ಅಂಟಿಸಿ ಆಯಿತು. ನಿನ್ನದೇ. ನಿನ್ನ ಕಾಗದ ಬರುವ ಮೊದಲೇ ಕಾರ್ಯದರ್ಶಿಯ ಕೈಗೆ ಬರೆದುಕೊಟ್ಟಿದ್ದೆ. ಬೈಯುವುದಾದರೆ ನಾಳೆ ಬಂದು ಎದುರಿಗೇ ಬೈ.

ನಿನ್ನೆ ನಿನ್ನ ಕಾಗದ ಓದಿದ್ದು ಡಿಪೋದಲ್ಲಿ. ಇಬ್ಬರು ಡ್ರೈವರುಗಳಿಗೆ ಒಂದೇ ಬಸ್ಸು ಬರೆದು ಬೈಸಿಕೊಂಡೆ. ಇಷ್ಟು ದಿನ ನೀನು ಕಿಟಕಿ ಮುಚ್ಚಿಕೊಂಡು ಆ ಒಂದು ಪುಟದ ಜೊತೆ ಒಬ್ಬಳೇ ಗುದ್ದಾಡಿದ್ದೀಯ, ನಾನು ಇಲ್ಲಿ ಕಡೇ ಸುತ್ತಿಗೆ ಕಾವಲು ಹಾಕಿಕೊಂಡು ಬುದ್ಧಿವಂತೆ ಎಂದುಕೊಂಡಿದ್ದೆ. ಅಳು ಬಂತು, ನಿಜ ಹೇಳುತ್ತೇನೆ.

ಆಮೇಲೆ ಪೆನ್ಸಿಲ್ ಹಿಡಿದೆ. ಹಾಡನ್ನು ಯಾರಿಗೂ ಕೊಟ್ಟಿಲ್ಲ. ಹಾಡು ನಿನ್ನದೇ. ಆದರೆ ನಿನ್ನ ಜೊತೆಗೆ ನಾನೂ ಹಾರ್ನಿನಲ್ಲಿ ಅದೇ ಸ್ವರಗಳನ್ನು ಅದೇ ಎತ್ತರದಲ್ಲಿ ನುಡಿಸುತ್ತೇನೆ. ಹಾರ್ನಿಗೆ ಅದು ಸ್ವಲ್ಪ ಮೇಲೆಯೇ ಆಯಿತು, ಇರಲಿ. ಕಾರ್ನೆಟ್ಟಿನ ಜೊತೆ ಹಾರ್ನ್ ಸೇರಿದರೆ ಎರಡೂ ಬೆರೆತು ಇನ್ನೊಂದೇ ಬಣ್ಣ ಬರುತ್ತದೆ. ನಿನ್ನ ಸ್ವರ ಎಲ್ಲಾದರೂ ಆರಿದರೆ ನನ್ನದು ಇರುತ್ತದೆ, ಹಾಡು ತುಂಡಾಗುವುದಿಲ್ಲ. ಇದು ಸಣ್ಣ ಸ್ವರ ಅಲ್ಲ ಅಕ್ಕ. ದೊಡ್ಡದಾಗಿ, ಶಾಯಿಯಲ್ಲಿ ಬರೆದಿದ್ದೇನೆ. ಇಬ್ಬರೂ ಎದ್ದು ನಿಂತು ನುಡಿಸುತ್ತೇವೆ, ಹಾಲಿನಲ್ಲಿರುವವರೆಲ್ಲ ನೋಡಲಿ. ಕದ್ದು ಮಾಡುವುದು ಏನೂ ಇಲ್ಲ.

ಬರುತ್ತೀಯಾ?

ಚೂಟಿ


ಶುಕ್ರವಾರ, ಸಂಜೆ

ಚೂಟಿ,

ಬಸ್ಸು ಹೊರಡುವ ಮೊದಲು ಡ್ರೈವರನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಜೋಡಿ ನುಡಿಸುವುದು ಒಪ್ಪಿಗೆ. ಬರುತ್ತೇನೆ. ಮೊದಲೇ ಒಂದು ಸಲ ನುಡಿಸಿ ನೋಡೋಣ ಎನ್ನಬೇಡ, ನೋಡಿದರೆ ಧೈರ್ಯ ಕೆಡುತ್ತದೆ. ಏನಾದರೂ ಆಗಲಿ, ನಡುವೆ ಬಿಡಬೇಡ. ಜೊತೆಗೆ ಬರುತ್ತೇನೆ ಎಂದು ಹೇಳಿ ಅರ್ಧ ದಾರಿಯಲ್ಲಿ ನನ್ನನ್ನು ಒಬ್ಬಳನ್ನೇ ನಿಲ್ಲಿಸಿದರೆ ನಿನ್ನ ಮುಖ ನೋಡುವುದಿಲ್ಲ.

ಅಕ್ಕ


ಸೋಮವಾರ

ಅಕ್ಕನಿಗೆ,

ನೀನು ಸುತ್ತುಗಳನ್ನು ಮುಗಿಸಿ, ಚಪ್ಪಾಳೆಗೆ ತಲೆ ಬಾಗಿಸಿ, ಪಕ್ಕದ ಕೋಣೆಗೆ ಹೋಗಿ, ಅಲ್ಲಿಂದ ಹಾಗೇ ಬಸ್ ನಿಲ್ದಾಣಕ್ಕೆ ಹೋದೆ. ಕಾರ್ನೆಟ್ ಆ ಕೋಣೆಯ ಕುರ್ಚಿಯ ಮೇಲೆ, ಪೆಟ್ಟಿಗೆಯೊಳಗೆ, ಕೊಕ್ಕೆ ಹಾಕಿದ ಹಾಗೇ ಇತ್ತು. ಮರೆತು ಹೋದದ್ದಲ್ಲ ಎಂದು ನನಗೆ ಗೊತ್ತು. ಕಾರ್ನೆಟ್ ಮರೆಯುವವಳಲ್ಲ ನೀನು. ಅದು ಈಗ ನನ್ನ ಮೇಜಿನ ಮೇಲಿದೆ, ಎರಡು ದಿನದಿಂದ ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದೇನೆ.

ನೀನು ಏನು ಅಂದುಕೊಂಡಿದ್ದೀಯ ಎಂದು, ನಿನ್ನ ಹಿಂದೆಯೇ ಆ ಕೋಣೆಗೆ ಬಂದಿದ್ದ ಶಿಷ್ಯೆ ಹೇಳಿದಳು. ನಾನು ಬೇಕೆಂದೇ ನಿಲ್ಲಿಸಿದೆ, ‘ನೋಡು, ಒಬ್ಬಳೇ ನುಡಿಸಬಲ್ಲೆ’ ಎಂದು ತೋರಿಸಲು ನಾಟಕವಾಡಿದೆ, ನಿನ್ನನ್ನು ಮಗುವಿನ ಹಾಗೆ ಕೈಬಿಟ್ಟು ನಡೆಸಲು ನೋಡಿದೆ ಎಂದೆಯಂತೆ. ಅವಳು ಹೇಳುವಾಗಲೂ ಹೆದರಿಕೊಂಡೇ ಹೇಳಿದಳು.

ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನಿನ್ನಿಷ್ಟ. ಇಬ್ಬರೂ ಎದ್ದು ನಿಂತೆವು. ನೀನು ನನ್ನ ಕಿವಿಯ ಹತ್ತಿರ, “ಚೂಟಿ, ಬಿಡ್ಬೇಡ,” ಎಂದೆ. ‘ಬ’ ಸರಿಯಾಗಿ ಬರಲಿಲ್ಲ ನಿನಗೆ. ಮೊದಲ ಸಾಲು ಜೊತೆಯಲ್ಲಿ ಹೋಯಿತು. ನಿನ್ನ ಸ್ವರದ ಪಕ್ಕದಲ್ಲಿ ಗಾಳಿ ಸೋರುವುದು ನನಗೆ ಕೇಳಿಸುತ್ತಿತ್ತು, ನಾನು ಸ್ವಲ್ಪ ಜೋರು ಮಾಡಿದೆ. ಆಗಲೇ ನನ್ನ ಬಾಯಿ ಒಣಗಿದ್ದು ಗೊತ್ತಾಯಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎರಡನೆಯ ಸಾಲಿನ ಮೇಲಿನ ಸ್ವರಕ್ಕೆ ಹೋದೆ, ತುಟಿ ಜಾರಿತು. ಹಾರ್ನಿನಲ್ಲಿ ಒಂದು ಕೂದಲೆಳೆ ತಪ್ಪಿದರೆ ಪಕ್ಕದ ಸ್ವರಕ್ಕೆ ಹೋಗಿ ಬೀಳುತ್ತೇವೆ, ನಿನಗೆ ಗೊತ್ತೇ ಇದೆ. ನಾನು ಪಕ್ಕದ ಸ್ವರಕ್ಕೂ ಬೀಳಲಿಲ್ಲ, ಎರಡರ ನಡುವಿನ ಹಳ್ಳಕ್ಕೆ ಬಿದ್ದೆ. ಕಪ್ಪೆ ಕೂಗಿದ ಹಾಗೆ ಆ ಸದ್ದು ಹೊರಗೆ ಬಂತು. ಗೋದಾಮು ಮಾವ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಹಾಳೆಯಿಂದ ತಲೆಯೆತ್ತಿ ನೋಡಿದರು. ನಾಚಿಕೆಗೆ ನಾನು ಹಾರ್ನನ್ನು ತುಟಿಯಿಂದ ತೆಗೆದುಬಿಟ್ಟೆ.

ಅಂಥದ್ದನ್ನು ಯಾರಾದರೂ ಬೇಕೆಂದು ಮಾಡುತ್ತಾರೆಯೇ ಅಕ್ಕ? ನಿನ್ನನ್ನು ಹಿಡಿದುಕೊಳ್ಳಲು ಬಂದವಳು ನಾನು. ಬಿದ್ದವಳೂ ನಾನೇ. ನೀನು ನನ್ನ ಕಡೆ ಒಂದು ಕ್ಷಣ ನೋಡಿದೆ, ನೋಡುತ್ತಲೇ ಊದುತ್ತಿದ್ದೆ. ಆಮೇಲೆ ಕಡೇ ಸಾಲಿನವರೆಗೂ ನೀನೊಬ್ಬಳೇ.

ಚೆನ್ನಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ಗಾಳಿ ಸೋರಿತು, ಕಡೇ ಬೆಂಚಿನವರೆಗೂ ಕೇಳಿಸಿತು. ಎರಡು ಸ್ವರ ತಡವಾಗಿ ಬಂದವು, ಒಂದು ಬರಲೇ ಇಲ್ಲ. ಮುಂದಿನ ಬೆಂಚಿನಲ್ಲಿ ಕೂತಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು. ಆದರೆ ನೀನು ನಿಲ್ಲಲಿಲ್ಲ. ಬಾರದ ಸ್ವರದ ಜಾಗವನ್ನು ಅದರ ಅಳತೆಗೆ ಸರಿಯಾಗಿ ಖಾಲಿ ಬಿಟ್ಟು ಮುಂದಿನದನ್ನು ಎತ್ತಿಕೊಂಡೆ. ಸುತ್ತುಗಳ ಬಗ್ಗೆ ನಾನು ಹೇಳುವುದೇನೂ ಇಲ್ಲ, ಡಾಕ್ಟರಿಗಂತೂ ನಿನ್ನ ಹಿಂದೆ ಓಡಿ ಇನ್ನೂ ತೋಳು ನೋಯುತ್ತಿದೆಯಂತೆ.

ಕಾರ್ನೆಟ್ ಅನ್ನು ಈ ಕಾಗದದ ಜೊತೆಗೇ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬೇಡವಾದರೆ ಸಂಜೆ ಅವನ ಕೈಯಲ್ಲೇ ವಾಪಸ್ ಕೊಡು. ನಾನು ನಿಲ್ದಾಣದಲ್ಲಿ ಕಾದಿರುತ್ತೇನೆ.

ನಿನ್ನ,
ಚೂಟಿ

ತಾ.ಕ.: ತಾ.ಕ. ಹಾಕಿದರೆ ಸುಳ್ಳು ಎನ್ನುತ್ತೀಯ. ಇದು ನಿಜ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತುಟಿ ಜಾರಿದ್ದು ಭಯಕ್ಕೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಒಂದು ಸಾಲು ಕಳೆಯುವಷ್ಟರಲ್ಲಿ ಬಾಯಿ ಸರಿಯಾಗಿತ್ತು. ಮತ್ತೆ ಸೇರಿಕೊಳ್ಳಬಹುದಿತ್ತು. ಸೇರಲಿಲ್ಲ. ನಿನಗೆ ಧೈರ್ಯ ಬರಲಿ ಎಂದಲ್ಲ, ಪಾಠ ಕಲಿಸಲು ಅಲ್ಲ. ನೀನು ನುಡಿಸುತ್ತಿದ್ದೆ, ನಾನು ಕೇಳುತ್ತಾ ನಿಂತುಬಿಟ್ಟೆ.


ಬುಧವಾರ

ಚೂಟಿಗೆ,

ಸೋಮವಾರ ಸಂಜೆ ನೀನು ನಿಲ್ದಾಣದಲ್ಲಿ ಕಾದು, ಡ್ರೈವರ್ ಬರಿಗೈಯಲ್ಲಿ ಇಳಿದದ್ದನ್ನು ನೋಡಿ ಮನೆಗೆ ಹೋದೆ ಎಂದು ಅವನು ಹೇಳಿದ. ಉತ್ತರ ಬರೆಯದೆ ಕಳಿಸಿದ್ದಕ್ಕೆ ಕಾರಣ ಸಿಟ್ಟು. ಮುಖ್ಯ ಕಾಗದ ಓದಿ ಇಳಿದಿತ್ತು. ಅಷ್ಟು ಕೊಳಕು ಸ್ವರವನ್ನು ಬೇಕೆಂದು ನುಡಿಸಲು ಯಾರಿಗೂ ಬರುವುದಿಲ್ಲ, ನಿನಗಂತೂ ಸಾಧ್ಯವೇ ಇಲ್ಲ. ತಾ.ಕ. ಓದಿ ಮತ್ತೆ ಏರಿತು. ಬಿಡಬೇಡ ಎಂದಿದ್ದೆ, ಸೇರಬಹುದಾಗಿದ್ದರೂ ಸೇರಲಿಲ್ಲ ಎಂದು ನೀನೇ ಒಪ್ಪಿಕೊಂಡಿದ್ದೀಯ. ನಿನ್ನೆ ಇಡೀ ದಿನ ಗಾಜು ಉಜ್ಜುತ್ತಾ ನಿನ್ನನ್ನು ಬೈದುಕೊಂಡೆ.

ಇವತ್ತು ಬೆಳಿಗ್ಗೆ ಅದನ್ನು ಮತ್ತೆ ಓದಿದೆ. ನರ ಸೋತ ಮೇಲೆ ನನ್ನ ಎದುರಿಗೆ ಬಂದವರೆಲ್ಲ ನನ್ನ ಬಾಯಿಯನ್ನು ನೋಡಿದ್ದಾರೆ. ನೀನು, ಡಾಕ್ಟರುಗಳು, ಅಂಗಡಿಯ ಯಜಮಾನ, ಎಲ್ಲರೂ. ನಾನು ನುಡಿಸಿದ್ದನ್ನು ಕೇಳಿದೆ ಎಂದು ಬರೆದವಳು ನೀನೊಬ್ಬಳೇ.

ಅಕ್ಕ

ತಾ.ಕ.: ನಿಜವಾಗಿ ಕೇಳಿದ್ದರೆ ಒಂದು ಕೆಲಸ ಮಾಡು. ಮೊದಲ ಪುಟದ ಮೇಲೆ ಗಾಳಿ ಎಲ್ಲೆಲ್ಲಿ ಸೋರಿತು, ಎಷ್ಟು ಸೋರಿತು ಎಂದು ಗುರುತು ಹಾಕಿ ಬೆಳಗಿನ ಬಸ್ಸಿಗೆ ಕಳಿಸು. ಕರುಣೆ ತೋರಿಸದೆ ಹಾಕು. ಸ್ವರ ಆರಿದ ಮೇಲೆ ಗೊತ್ತಾಗುತ್ತದೆ, ಅದಕ್ಕೆ ಮೊದಲು ಸೋರುವುದು ನನಗೆ ಒಳಗಿನಿಂದ ತಿಳಿಯುವುದೇ ಇಲ್ಲ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.